ಆದಿ ಕ್ರೈಸ್ತ ಇತಿಹಾಸದ ಹಳೆಯ ಪುಸ್ತಕವನ್ನು ಪರಿಷ್ಕರಿಸುವುದು ಹೇಗೆ?

"ಪುಸ್ತಕ ಬಂದು ನಲವತ್ತು ವರ್ಷ ಆಯ್ತು. ಪ್ರತಿಗಳು ಮುಗಿದಿವೆ. ಹೊಸ ಆವೃತ್ತಿ ತರೋಣ ಅಂತ ಪ್ರಕಾಶಕರು ಕೇಳುತ್ತಿದ್ದಾರೆ. ಎಲ್ಲಿಂದ ಶುರು ಮಾಡಲಿ?" ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಪದೇ ಪದೇ ಬರುತ್ತದೆ. ಕೆಲವರದು ತಾವೇ ಬರೆದ ಪುಸ್ತಕ. ಕೆಲವರದು ಗುರುಗಳದ್ದೋ ತಂದೆಯದ್ದೋ. ಕೇಳುವವರ ಹತ್ತಿರ ಒಂದು ಉತ್ತರವೂ ಸಿದ್ಧವಾಗಿರುತ್ತದೆ: ಅಚ್ಚಿನ ತಪ್ಪು ತಿದ್ದಿ, ಕೊನೆಗೆ "ಹೊಸ ಶೋಧಗಳು" ಅಂತ ಒಂದು ಅಧ್ಯಾಯ ಸೇರಿಸಿದರೆ ಸಾಕಲ್ವಾ?

ಸಾಲದು. ಈ ವಿಷಯದಲ್ಲಿ ಕಳೆದ ಎಂಟು ದಶಕಗಳಲ್ಲಿ ಹೊಸ ಹಸ್ತಪ್ರತಿಗಳು ಸಿಕ್ಕಿವೆ, ನಿಜ. ಅದಕ್ಕಿಂತ ಜಾಸ್ತಿ ಬದಲಾದದ್ದು ವಿದ್ವಾಂಸರ ಖಾತ್ರಿ. ಆಗ ಖಚಿತ ಅಂದುಕೊಂಡಿದ್ದ ಎಷ್ಟೋ ಇಸವಿಗಳು ಈಗ ಅಲುಗಾಡುತ್ತಿವೆ. ಆಗ ಅನುಮಾನವಿದ್ದ ಕೆಲವು ಈಗ ಗಟ್ಟಿಯಾಗಿವೆ. ಕೊನೆಗೊಂದು ಅಧ್ಯಾಯ ಅಂಟಿಸಿದರೆ ಹಳೆಯ ವಾಕ್ಯಗಳು ಹಾಗೇ ಉಳಿಯುತ್ತವೆ. 40ನೇ ಪುಟ ಒಂದು ಹೇಳುತ್ತದೆ, 300ನೇ ಪುಟ ಇನ್ನೊಂದು ಹೇಳುತ್ತದೆ. ಆದ್ದರಿಂದ ನಿಜವಾದ ಪರಿಷ್ಕರಣೆ ನಡೆಯಬೇಕಾದದ್ದು ವಾಕ್ಯಗಳ ಒಳಗೆ. ಅದು ನಿಧಾನದ ಕೆಲಸ, ಆದರೆ ಕ್ರಮವಾಗಿ ಹೋದರೆ ಒಬ್ಬರೇ ಮಾಡಬಹುದು.

ಆದಿ ಕ್ರೈಸ್ತ ಇತಿಹಾಸ ಅಂದರೆ ಇಲ್ಲಿ ಯೇಸುವಿನ ಕಾಲದಿಂದ ಸುಮಾರು 5ನೇ ಶತಮಾನದವರೆಗಿನ ಕತೆ ಎಂದಿಟ್ಟುಕೊಳ್ಳಿ.

ಕೈಯಲ್ಲಿ ಏನೇನು ಇರಬೇಕು

ಪುಸ್ತಕದ ಎಲ್ಲ ಹಳೆಯ ಮುದ್ರಣಗಳು. ಲೇಖಕರ ಸ್ವಂತ ಪ್ರತಿ ಸಿಕ್ಕರೆ ಇನ್ನೂ ಒಳ್ಳೆಯದು, ಅಂಚಿನಲ್ಲಿ ಅವರೇ ಬರೆದ ತಿದ್ದುಪಡಿಗಳು ಇರಬಹುದು. ಬೈಬಲ್ಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಈಗಿನ ಗ್ರೀಕ್ ಆವೃತ್ತಿ, ಅಥವಾ ಅದನ್ನು ಆಧರಿಸಿದ ಅನುವಾದ. ಆದಿ ಸಭೆಯ ಇತಿಹಾಸ ಬರೆದ ಯೂಸೆಬಿಯಸ್, ಯೆಹೂದ್ಯ ಇತಿಹಾಸಕಾರ ಜೋಸೆಫಸ್, ರೋಮನ್ ಇತಿಹಾಸಕಾರ ಟ್ಯಾಸಿಟಸ್, ರೋಮನ್ ಅಧಿಕಾರಿ ಪ್ಲಿನಿ, ಇವರ ಬರಹಗಳ ನಂಬಬಹುದಾದ ಅನುವಾದಗಳು. ಈಚಿನ ಒಂದೆರಡು ಒಳ್ಳೆಯ ವಿಶ್ವಕೋಶಗಳು. ಇವುಗಳ ಜೊತೆಗೆ ಗ್ರೀಕ್ ಬಲ್ಲ ಒಬ್ಬರ ಪರಿಚಯ. ನಿಮಗೇ ಗ್ರೀಕ್ ಬರದಿದ್ದರೆ ಈ ಕೊನೆಯದನ್ನು ಬಿಡಲೇಬೇಡಿ.

ಹಂತ 1: ಎಷ್ಟು ಕೈ ಹಾಕುತ್ತೀರಿ ಎಂದು ಮೊದಲೇ ನಿರ್ಧರಿಸಿ

ಮರುಮುದ್ರಣ, ತಿದ್ದಿದ ಮುದ್ರಣ, ಪರಿಷ್ಕೃತ ಆವೃತ್ತಿ, ಹೊಸದಾಗಿ ಬರೆದ ಪುಸ್ತಕ. ಈ ನಾಲ್ಕೂ ಬೇರೆ ಬೇರೆ. ತಿದ್ದಿದ ಮುದ್ರಣದಲ್ಲಿ ಸ್ಪಷ್ಟ ತಪ್ಪುಗಳು ಮಾತ್ರ ಹೋಗುತ್ತವೆ. ಪರಿಷ್ಕೃತ ಆವೃತ್ತಿಯಲ್ಲಿ ವಾದವೂ ಬದಲಾಗಬಹುದು. ಪುಸ್ತಕದ ಮೂಲ ವಾದವೇ ಬಿದ್ದುಹೋಗಿದ್ದರೆ ಪರಿಷ್ಕರಣೆಯ ಹೆಸರಿನಲ್ಲಿ ತೇಪೆ ಹಾಕುವುದು ಬೇಡ. ಹಳೆಯದನ್ನು ಹಾಗೇ ಮರುಮುದ್ರಿಸಿ, ಮುಂದೆ ಒಂದು ಉದ್ದನೆಯ ಪ್ರಸ್ತಾವನೆ ಬರೆಯಿರಿ. ಅದು ಹೆಚ್ಚು ಪ್ರಾಮಾಣಿಕ.

ಪುಸ್ತಕ ಬೇರೆಯವರದ್ದಾದರೆ ಹಕ್ಕು ಯಾರ ಬಳಿ ಇದೆ ಎಂದು ಬರವಣಿಗೆಯಲ್ಲಿ ಖಾತ್ರಿ ಮಾಡಿಕೊಳ್ಳಿ. ವಾರಸುದಾರರ ಒಪ್ಪಿಗೆ ಇದ್ದರೂ ಪ್ರಕಾಶಕರ ಹಳೆಯ ಕರಾರು ಅಡ್ಡ ಬರಬಹುದು. ಉದ್ಧರಿಸಿದ ಅನುವಾದಗಳಿಗೆ, ಫೋಟೋಗಳಿಗೆ, ನಕ್ಷೆಗಳಿಗೆ ಬೇರೆ ಬೇರೆ ಅನುಮತಿ ಬೇಕಾಗುತ್ತದೆ.

ಹಂತ 2: ಶುದ್ಧ ಪಠ್ಯ ಮತ್ತು ಹೇಳಿಕೆಗಳ ಪಟ್ಟಿ

ಪುಟಗಳನ್ನು ಸ್ಕ್ಯಾನ್ ಮಾಡಿ ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಟ್ಟರೆ ಪಠ್ಯ ಸಿಗುತ್ತದೆ, ಆದರೆ ಅದನ್ನು ನಂಬಬೇಡಿ. ಒತ್ತಕ್ಷರಗಳು ಕೆಡುತ್ತವೆ. ಅಂಕಿಗಳು ಇನ್ನೂ ಅಪಾಯಕಾರಿ. 303 ಎಂಬುದು 308 ಆದರೆ ವಾಕ್ಯ ಓದುವಾಗ ಯಾರಿಗೂ ಗೊತ್ತಾಗುವುದಿಲ್ಲ. ಎಲ್ಲ ಇಸವಿಗಳನ್ನೂ, ಬೈಬಲ್ ವಚನದ ಸಂಖ್ಯೆಗಳನ್ನೂ ಅಚ್ಚಿನ ಪುಸ್ತಕದ ಜೊತೆ ಒಂದೊಂದಾಗಿ ಹೋಲಿಸಿ.

ಆಮೇಲೆ ಪುಸ್ತಕವನ್ನು ಓದುತ್ತಾ ಹೇಳಿಕೆಗಳ ಪಟ್ಟಿ ಮಾಡಿ. ಪುಟ, ಹೇಳಿಕೆ, ಅದಕ್ಕೆ ಆಧಾರ, ಈಗಿನ ಸ್ಥಿತಿ ಎಂದು ನಾಲ್ಕು ಕಾಲಂ ಸಾಕು. ಕೊನೆಯ ಕಾಲಂನಲ್ಲಿ ಮೂರೇ ಗುರುತು: ಗಟ್ಟಿ, ಸಂಭವ, ಚರ್ಚೆಯಲ್ಲಿದೆ. ಈ ಹಂತದಲ್ಲಿ ಒಂದಕ್ಷರವನ್ನೂ ತಿದ್ದಬೇಡಿ. ಓದುತ್ತಾ ತಿದ್ದುವವರು ಐದನೇ ಅಧ್ಯಾಯಕ್ಕೆ ಬರುವ ಹೊತ್ತಿಗೆ ಮೊದಲನೆಯದರಲ್ಲಿ ಏನು ಮಾಡಿದ್ದೆವು ಎಂಬುದನ್ನು ಮರೆತಿರುತ್ತಾರೆ.

ಹಂತ 3: ಪುಸ್ತಕ ಬರೆದಾಗ ಏನು ಗೊತ್ತಿತ್ತು?

ಲೇಖಕರು ಕೆಲಸ ಮುಗಿಸಿದ ವರ್ಷವನ್ನು ಗುರುತಿಸಿ. ಮುದ್ರಣದ ವರ್ಷವಲ್ಲ. ಅಡಿಟಿಪ್ಪಣಿಗಳಲ್ಲಿ ಬರುವ ಅತಿ ಈಚಿನ ಪುಸ್ತಕ ಯಾವುದು ಎಂದು ನೋಡಿದರೆ ಅಂದಾಜು ಸಿಗುತ್ತದೆ. ಅದರ ನಂತರ ಬೆಳಕಿಗೆ ಬಂದದ್ದೆಲ್ಲ ನಿಮ್ಮ ಹೊಣೆ.

ಮುಖ್ಯವಾದವು ಇವು. ಮೇಲಿನ ಈಜಿಪ್ಟಿನ ನಾಗ್ ಹಮ್ಮಾದಿ ಬಳಿ 1945ರಲ್ಲಿ ಕಾಪ್ಟಿಕ್ (ಈಜಿಪ್ಟಿನ ಹಳೆಯ ಕ್ರೈಸ್ತರ) ಭಾಷೆಯ ಕೋಡೆಕ್ಸ್‌ಗಳು ಸಿಕ್ಕವು. (ಕೋಡೆಕ್ಸ್ ಅಂದರೆ ಸುರುಳಿಯಲ್ಲ, ಹಾಳೆ ಮಡಿಸಿ ಹೊಲಿದ ಪುಸ್ತಕ.) ಇವುಗಳ ಪೂರ್ಣ ಇಂಗ್ಲಿಷ್ ಅನುವಾದ 1977ರಲ್ಲಿ ಬಂತು. ಮೃತ ಸಮುದ್ರದ ದಡದ ಕುಮ್ರಾನ್ ಗುಹೆಗಳ ಹಳೆಯ ಯೆಹೂದ್ಯ ಸುರುಳಿಗಳು 1947ರ ಹೊತ್ತಿಗೆ ಸಿಗತೊಡಗಿದರೂ ಎಲ್ಲ ವಿದ್ವಾಂಸರಿಗೂ ಮುಕ್ತವಾದದ್ದು 1991ರಲ್ಲಿ. 1980ರಲ್ಲಿ ಬರೆದ ಪುಸ್ತಕ ಕುಮ್ರಾನ್ ಬಗ್ಗೆ ಮಾತಾಡಿದ್ದರೆ, ಅದರ ಕೈಯಲ್ಲಿದ್ದದ್ದು ಒಂದು ಭಾಗ ಮಾತ್ರ. ಯೇಸುವನ್ನು ಹಿಡಿದುಕೊಟ್ಟ ಯೂದನ ಹೆಸರಿನ ಸುವಾರ್ತೆ 2006ರಲ್ಲಿ ಪ್ರಕಟವಾಯಿತು. (ಸುವಾರ್ತೆ ಅಂದರೆ ಯೇಸುವಿನ ಬದುಕನ್ನೋ ಮಾತುಗಳನ್ನೋ ಹೇಳುವ ಪುಸ್ತಕ.) ಇಸ್ರೇಲಿನ ಮೆಗಿದ್ದೋದಲ್ಲಿ 2005ರಲ್ಲಿ ಸಿಕ್ಕ 3ನೇ ಶತಮಾನದ ಮೊಸಾಯಿಕ್ ನೆಲದಲ್ಲಿ ಒಬ್ಬ ರೋಮನ್ ಸೇನಾಧಿಕಾರಿಯ ಹೆಸರಿದೆ, ಪ್ರಾರ್ಥನೆಯ ಮೇಜನ್ನು ದಾನ ಮಾಡಿದ ಹೆಂಗಸಿನ ಹೆಸರೂ ಇದೆ. 3ನೇ ಶತಮಾನದ ಕ್ರೈಸ್ತ ವಿದ್ವಾಂಸ ಒರಿಗೆನ್ ಬೈಬಲ್ಲಿನ ಕೀರ್ತನೆಗಳ ಮೇಲೆ ಮಾಡಿದ 29 ಪ್ರವಚನಗಳು 2012ರಲ್ಲಿ ಮ್ಯೂನಿಕ್ ಗ್ರಂಥಾಲಯದ ಒಂದು ಗ್ರೀಕ್ ಹಸ್ತಪ್ರತಿಯಲ್ಲಿ ಪತ್ತೆಯಾದವು.

ಹೊಸ ಶೋಧ ಹಳೆಯ ವಾಕ್ಯದ ಅರ್ಥವನ್ನೇ ಬದಲಿಸುವುದೂ ಉಂಟು. ಈಜಿಪ್ಟಿನ ಆಕ್ಸಿರಿಂಕಸ್ ಕಸದ ದಿಬ್ಬಗಳಲ್ಲಿ ಸಿಕ್ಕ ಕೆಲವು ಗ್ರೀಕ್ ತುಣುಕುಗಳನ್ನು 1897 ಮತ್ತು 1904ರಲ್ಲಿ ಪ್ರಕಟಿಸಿದಾಗ, ಅವು ಯಾವ ಪುಸ್ತಕದ್ದು ಎಂದು ಯಾರಿಗೂ ಗೊತ್ತಿರಲಿಲ್ಲ. "ಯೇಸುವಿನ ಅಜ್ಞಾತ ನುಡಿಗಳು" ಎಂದೇ ಕರೆದರು. ನಾಗ್ ಹಮ್ಮಾದಿಯಲ್ಲಿ ತೋಮನ ಸುವಾರ್ತೆ ಪೂರ್ತಿಯಾಗಿ ಸಿಕ್ಕ ಮೇಲೆ ಆ ತುಣುಕುಗಳು ಅದರದ್ದೇ ಎಂದು ತಿಳಿಯಿತು. ನಿಮ್ಮ ಪುಸ್ತಕ ಇವೆರಡನ್ನೂ ಬೇರೆ ಬೇರೆ ಅಧ್ಯಾಯದಲ್ಲಿ ಬೇರೆ ಬೇರೆ ಸಾಕ್ಷಿಯಾಗಿ ಎಣಿಸಿದ್ದರೆ, ಒಂದೇ ಸಾಕ್ಷಿ ಎರಡು ಸಲ ಕಟಕಟೆ ಹತ್ತಿದಂತೆ.

ಹಂತ 4: ಪ್ರತಿ ಉದ್ಧರಣೆಯನ್ನೂ ಮೂಲಕ್ಕೆ ಒಯ್ಯಿರಿ

ಹಳೆಯ ಪುಸ್ತಕಗಳು ಒಂದರಿಂದ ಒಂದು ನಕಲು ಮಾಡಿರುತ್ತವೆ. "ಟ್ಯಾಸಿಟಸ್ ಹೇಳುತ್ತಾನೆ" ಎಂದಿದ್ದರೆ ಟ್ಯಾಸಿಟಸ್‌ನನ್ನೇ ತೆರೆಯಿರಿ. ಚಕ್ರವರ್ತಿ ನೀರೋ ಕ್ರೈಸ್ತರನ್ನು ಶಿಕ್ಷಿಸಿದ ಮಾತು ಟ್ಯಾಸಿಟಸ್ ಬರೆದ ವರ್ಷಚರಿತ್ರೆಯ 15ನೇ ಪುಸ್ತಕದ 44ನೇ ಭಾಗದಲ್ಲಿದೆ. ಅದೇ ಜಾಗದಲ್ಲಿ, ಯೇಸುವಿಗೆ ಮರಣದಂಡನೆ ಕೊಟ್ಟ ರೋಮನ್ ಅಧಿಕಾರಿ ಪಿಲಾತನನ್ನು ಟ್ಯಾಸಿಟಸ್ "ಪ್ರೊಕ್ಯುರೇಟರ್" ಎಂದು ಕರೆಯುತ್ತಾನೆ. ಹಳೆಯ ಪುಸ್ತಕಗಳೂ ಹಾಗೇ ಬರೆಯುತ್ತವೆ. ಆದರೆ 1961ರಲ್ಲಿ ಇಸ್ರೇಲಿನ ಕೈಸರೈಯದಲ್ಲಿ ಸಿಕ್ಕ ಶಿಲಾಶಾಸನದಲ್ಲಿ ಪಿಲಾತನ ಪದವಿ "ಪ್ರಿಫೆಕ್ಟ್" ಎಂದಿದೆ. ಶಾಸನ ಪಿಲಾತನ ಕಾಲದ್ದು, ಟ್ಯಾಸಿಟಸ್ ಬರೆದದ್ದು ಎಂಟು ದಶಕಗಳ ಮೇಲೆ. ಇಂಥಲ್ಲಿ ಸುಮ್ನೆ ಪದವಿ ಬದಲಿಸಿ, ಒಂದು ಸಾಲಿನ ಅಡಿಟಿಪ್ಪಣಿ ಹಾಕಿ ಮುಂದೆ ಹೋಗಿ.

ಬೈಬಲ್ ವಚನಗಳಿಗೆ ಪಾಠಾಂತರ ನೋಡಿ. ಒಂದೇ ಸಾಲು ಬೇರೆ ಬೇರೆ ಹಸ್ತಪ್ರತಿಗಳಲ್ಲಿ ಬೇರೆ ಬೇರೆಯಾಗಿದ್ದರೆ ಅದಕ್ಕೆ ಪಾಠಾಂತರ ಎನ್ನುತ್ತಾರೆ. ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳು (16:9ರಿಂದ 20) 4ನೇ ಶತಮಾನದ ಸಿನಾಯ್ ಮತ್ತು ವ್ಯಾಟಿಕನ್ ಕೋಡೆಕ್ಸ್‌ಗಳಲ್ಲಿ ಇಲ್ಲ. ಹಳೆಯ ಪುಸ್ತಕ ಆ ವಚನಗಳನ್ನು ಮಾರ್ಕನದ್ದೇ ಎಂದು ಹಿಡಿದು ಮೊದಲ ಶತಮಾನದ ಬಗ್ಗೆ ವಾದ ಕಟ್ಟಿದ್ದರೆ, ಆ ವಾದಕ್ಕೆ ಬೇರೆ ಆಧಾರ ಹುಡುಕಬೇಕು. ಇಲ್ಲವೇ ಬಿಡಬೇಕು.

ಯೂನಿಯಾಳ ವಿಷಯ ಇನ್ನೂ ಕುತೂಹಲದ್ದು. ರೋಮಿನವರಿಗೆ ಬರೆದ ಪತ್ರದ 16:7ರಲ್ಲಿ ಆದಿ ಸಭೆಯ ಪ್ರಚಾರಕ ಪೌಲ ಅಪೊಸ್ತಲರ (ಯೇಸುವಿನ ದೂತರ) ಜೊತೆ ಈ ಹೆಸರು ಹೇಳುತ್ತಾನೆ. 4ನೇ ಶತಮಾನದ ಯೋಹಾನ ಕ್ರಿಸೊಸ್ತೊಮನಂಥ ಹಳೆಯ ಓದುಗರಿಗೆ ಆಕೆ ಹೆಂಗಸು ಎಂಬುದರಲ್ಲಿ ಅನುಮಾನವೇ ಇರಲಿಲ್ಲ. 20ನೇ ಶತಮಾನದ ಬಹುಪಾಲು ಕಾಲ ಬಳಕೆಯಲ್ಲಿದ್ದ ಗ್ರೀಕ್ ಆವೃತ್ತಿಗಳು ಅದನ್ನು ಗಂಡಸಿನ ಹೆಸರಾಗಿ ಅಚ್ಚು ಹಾಕಿದವು. 1990ರ ದಶಕದ ಕೊನೆಯ ಮುದ್ರಣಗಳಲ್ಲಿ ಮತ್ತೆ ಹೆಂಗಸಿನ ಹೆಸರಾಯಿತು. ನಿಮ್ಮ ಲೇಖಕರು ಯಾವ ಆವೃತ್ತಿ ನೋಡಿದ್ದರು ಎಂಬುದರ ಮೇಲೆ ಒಬ್ಬ ವ್ಯಕ್ತಿ ಗಂಡೋ ಹೆಣ್ಣೋ ಎಂಬುದು ನಿಂತಿದೆ!

ಹಂತ 5: ಇಸವಿಗಳು ಮತ್ತು ಖಾತ್ರಿಯ ಮಟ್ಟ

ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೇ. ಆಸಕ್ತಿಯ ಭಾಗವೂ ಇದೇ.

ಎಲ್ಲ ಇಸವಿಗಳೂ ಒಂದೇ ತೂಕದವಲ್ಲ. ಪೌಲ ಕೊರಿಂಥದಲ್ಲಿದ್ದ ಕಾಲ ಗಟ್ಟಿಯಾದದ್ದು. ಅಪೊಸ್ತಲರ ಕೃತ್ಯಗಳ 18ನೇ ಅಧ್ಯಾಯದಲ್ಲಿ ಅವನನ್ನು ಗಲ್ಲಿಯೋ ಎಂಬ ಅಧಿಕಾರಿಯ ಮುಂದೆ ನಿಲ್ಲಿಸುತ್ತಾರೆ. ಡೆಲ್ಫಿಯಲ್ಲಿ ಸಿಕ್ಕ ಶಾಸನದ ಪ್ರಕಾರ ಗಲ್ಲಿಯೋ ಅಧಿಕಾರದಲ್ಲಿದ್ದದ್ದು ಸುಮಾರು 51-52ರಲ್ಲಿ. ಪೌಲನ ಉಳಿದ ಪ್ರವಾಸಗಳನ್ನು ಇದರಿಂದ ಹಿಂದಕ್ಕೂ ಮುಂದಕ್ಕೂ ಎಣಿಸುತ್ತಾರೆ. ಅಂದರೆ ಈ ಒಂದು ಇಸವಿ ಗೂಟ, ಉಳಿದವು ಅದಕ್ಕೆ ಕಟ್ಟಿದ ಲೆಕ್ಕ. ಹಳೆಯ ಪುಸ್ತಕ ಎಲ್ಲವನ್ನೂ ಒಂದೇ ಧ್ವನಿಯಲ್ಲಿ ಹೇಳಿದ್ದರೆ, ಈ ವ್ಯತ್ಯಾಸ ಓದುಗರಿಗೆ ಕಾಣುವಂತೆ ಮಾಡಿ.

ಈಗ ಸಡಿಲವಾದವು. ಯೋಹಾನನ ಸುವಾರ್ತೆಯ ಒಂದು ಪುಟ್ಟ ಪೇಪಿರಸ್ (ಜೊಂಡಿನ ಹಾಳೆ) ತುಣುಕು, ಪಿ52 ಎಂದು ಅದರ ಗುರುತು, 1935ರಲ್ಲಿ ಪ್ರಕಟವಾಯಿತು. 2ನೇ ಶತಮಾನದ ಮೊದಲ ಅರ್ಧದ್ದು ಎಂದರು. ಕ್ರಮೇಣ ಪುಸ್ತಕದಿಂದ ಪುಸ್ತಕಕ್ಕೆ ಅದು "125" ಎಂಬ ಒಂದೇ ಇಸವಿಯಾಗಿ ಹೆಪ್ಪುಗಟ್ಟಿತು. ಆದರೆ ಆ ಕಾಲನಿರ್ಣಯ ನಿಂತಿರುವುದು ಅಕ್ಷರದ ಶೈಲಿಯ ಮೇಲೆ ಮಾತ್ರ. ಒಂದೇ ಬಗೆಯ ಕೈಬರಹ ಹಲವು ದಶಕ ಬಳಕೆಯಲ್ಲಿರಬಹುದು, ಆದ್ದರಿಂದ 2ನೇ ಶತಮಾನದ ಕೊನೆಯನ್ನೂ 3ನೆಯದರ ಆರಂಭವನ್ನೂ ತಳ್ಳಿಹಾಕಲಾಗದು ಎಂಬ ವಾದ 2005ರಿಂದ ಬಲವಾಗಿದೆ. ಅಕ್ಷರ ನೋಡಿ ಹೇಳಿದ ಕಾಲವನ್ನು ಒಂದೇ ವರ್ಷಕ್ಕೆ ಇಳಿಸಿದ್ದರೆ ಅಳಿಸಿ. ಅರ್ಧ ಶತಮಾನವೋ ಒಂದು ಶತಮಾನವೋ ಎಂದು ವ್ಯಾಪ್ತಿ ಕೊಡಿ.

ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್‌ನ ಸಾವಿಗೆ ಹಳೆಯ ಪುಸ್ತಕಗಳಲ್ಲಿ 107 ಅಥವಾ 110 ಎಂದು ಖಚಿತವಾಗಿ ಇರುತ್ತದೆ. ಈಗ ಕೆಲವರು ಅವನ ಪತ್ರಗಳನ್ನು ದಶಕಗಳಷ್ಟು ಆಮೇಲೆ ಇಡುತ್ತಾರೆ. ಸ್ಮಿರ್ನಾದ ಬಿಷಪ್ ಪಾಲಿಕಾರ್ಪ್ ಸತ್ತದ್ದು 155ರ ಸುಮಾರಿಗೋ 160ರ ದಶಕದಲ್ಲೋ ಎಂಬ ಚರ್ಚೆ ಮುಗಿದಿಲ್ಲ. ಹೊಸ ಒಡಂಬಡಿಕೆಯ ಪುಸ್ತಕಗಳನ್ನು ಹೆಸರಿಸುವ ಮುರಾಟೋರಿ ಪಟ್ಟಿ 2ನೇ ಶತಮಾನದ ಕೊನೆಯದು ಎಂಬುದು ವಾಡಿಕೆ. 4ನೇ ಶತಮಾನದ್ದು ಎಂಬ ವಾದ 1970ರ ದಶಕದಲ್ಲಿ ಬಂದು, ಇನ್ನೂ ಇತ್ಯರ್ಥವಾಗದೆ ನಿಂತಿದೆ. 3ನೇ ಶತಮಾನದ ಆರಂಭದ ರೋಮಿನ ಆರಾಧನೆ ಹೇಗಿತ್ತು ಎಂದು ವರ್ಣಿಸಲು ಹಳಬರು ಆ ಕಾಲದ ಕ್ರೈಸ್ತ ಲೇಖಕ ಹಿಪ್ಪೊಲಿಟಸ್‌ನದ್ದೆಂದು ಹೇಳುವ "ಅಪೊಸ್ತಲಿಕ ಸಂಪ್ರದಾಯ" ಎಂಬ ಕೃತಿಯನ್ನು ಧಾರಾಳವಾಗಿ ಬಳಸಿದ್ದಾರೆ. ಅದು ಅವನ ಬರಹ ಹೌದೇ, ರೋಮಿನದ್ದೇ, ಒಂದೇ ಕಾಲದ್ದೇ ಎಂಬ ಮೂರೂ ಪ್ರಶ್ನೆಗಳು ಈಗ ತೆರೆದಿವೆ. ಇದರ ಮೇಲೆ ನಿಂತ ಅಧ್ಯಾಯವಿದ್ದರೆ ಅದನ್ನು ಪೂರ್ತಿ ಮತ್ತೆ ಬರೆಯಬೇಕಾದೀತು, ಸಿದ್ಧರಾಗಿರಿ.

ಕೆಲವು ಕತೆಗಳು ಹೆಚ್ಚುಕಡಿಮೆ ಬಿದ್ದೇ ಹೋಗಿವೆ. ಸುಮಾರು 90ರಲ್ಲಿ ಯಾಮ್ನಿಯಾದಲ್ಲಿ ಯೆಹೂದ್ಯ ರಬ್ಬಿಗಳ ಮಹಾಸಭೆ ಸೇರಿ ಹೀಬ್ರೂ ಧರ್ಮಗ್ರಂಥಗಳ ಪಟ್ಟಿಯನ್ನು ಅಂತಿಮಗೊಳಿಸಿತು ಎಂಬುದು ಅಂಥದ್ದು. 1960ರ ದಶಕದಿಂದ ಇದನ್ನು ಯಾರೂ ಗಟ್ಟಿಯಾಗಿ ಹಿಡಿದಿಲ್ಲ. ಹಳೆಯ ಪುಸ್ತಕದಲ್ಲಿ ಇದು ಸಿಗುವ ಸಾಧ್ಯತೆ ತುಂಬ.

ಒಂದು ಎಚ್ಚರಿಕೆ. ಖಾತ್ರಿ ಕಡಿಮೆ ಮಾಡುವ ಭರದಲ್ಲಿ ಪ್ರತಿ ವಾಕ್ಯಕ್ಕೂ "ಬಹುಶಃ", "ಇರಬಹುದು" ಅಂಟಿಸಬೇಡಿ. ಓದುಗರಿಗೆ ಸುಸ್ತಾಗುತ್ತದೆ. ಯಾವುದು ಏಕೆ ಅನುಮಾನ ಎಂದು ಒಮ್ಮೆ ವಿವರಿಸಿ, ಆಮೇಲೆ ಸರಾಗವಾಗಿ ಕತೆ ಹೇಳಿ.

ಹಂತ 6: ರೂಢಿಯ ವಾಕ್ಯಗಳನ್ನು ಹುಡುಕಿ ಹಿಡಿಯಿರಿ

ಎಲ್ಲ ಹಳೆಯ ಪುಸ್ತಕಗಳಲ್ಲೂ ಕಾಣುವ ಕೆಲವು ವಾಕ್ಯಗಳಿವೆ. ಎಷ್ಟು ಸಲ ಓದಿದ್ದೇವೆ ಅಂದರೆ ಕಣ್ಣಿಗೇ ಬೀಳುವುದಿಲ್ಲ.

"ಮುನ್ನೂರು ವರ್ಷ ಎಡೆಬಿಡದೆ ಹಿಂಸೆ ನಡೆಯಿತು." ಇಲ್ಲ. 64ರಲ್ಲಿ ನೀರೋ ಮಾಡಿದ್ದು ರೋಮ್ ನಗರದಲ್ಲಿ. ಪ್ಲಿನಿ ಸುಮಾರು 112ರಲ್ಲಿ ಚಕ್ರವರ್ತಿ ಟ್ರಾಜನ್‌ಗೆ ಬರೆದ ಪತ್ರ ನೋಡಿದರೆ, ಕ್ರೈಸ್ತರನ್ನು ಹೇಗೆ ವಿಚಾರಿಸಬೇಕು ಎಂಬುದೇ ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ. ಸಾಮ್ರಾಜ್ಯದ ಉದ್ದಗಲಕ್ಕೂ ಎಲ್ಲರೂ ದೇವತೆಗಳಿಗೆ ಬಲಿ ಕೊಡಬೇಕೆಂಬ ಆಜ್ಞೆ ಬಂದದ್ದು 249-250ರಲ್ಲಿ, ಚಕ್ರವರ್ತಿ ಡೆಸಿಯಸ್ ಕಾಲದಲ್ಲಿ. ಬಲಿ ಕೊಟ್ಟವರಿಗೆ ಕೊಟ್ಟ ಪ್ರಮಾಣಪತ್ರಗಳು ಈಜಿಪ್ಟಿನಲ್ಲಿ 40ಕ್ಕೂ ಹೆಚ್ಚು ಸಿಕ್ಕಿವೆ. ಆಮೇಲೆ 257ರಲ್ಲಿ ವಲೇರಿಯನ್, 303ರಲ್ಲಿ ಡಯೊಕ್ಲೀಶಿಯನ್. ನಡುವೆ ದೀರ್ಘ ನೆಮ್ಮದಿಯ ಕಾಲಗಳೂ ಇದ್ದವು, ಅಲ್ಲಲ್ಲಿ ಊರಿನವರೇ ಎಬ್ಬಿಸಿದ ಗಲಭೆಗಳೂ ಇದ್ದವು. ಹಿಂಸೆ ಆಗಲೇ ಇಲ್ಲ ಎಂಬ ಇನ್ನೊಂದು ತುದಿಗೆ ಜಾರುವುದೂ ತಪ್ಪೇ.

"ಕ್ರೈಸ್ತರು ರೋಮಿನ ಕ್ಯಾಟಕೋಂಬುಗಳಲ್ಲಿ ಅಡಗಿಕೊಂಡಿದ್ದರು." ಅವು ನೆಲದಡಿಯ ಸ್ಮಶಾನಗಳು. ಎಲ್ಲಿವೆ ಎಂದು ಅಧಿಕಾರಿಗಳಿಗೆ ಗೊತ್ತಿತ್ತು.

"313ರಲ್ಲಿ ಕಾನ್‌ಸ್ಟಂಟೈನ್ ಕ್ರೈಸ್ತ ಧರ್ಮವನ್ನು ರಾಜಧರ್ಮ ಮಾಡಿದ." 313ರ ಒಪ್ಪಂದ ಕಾನ್‌ಸ್ಟಂಟೈನ್ ಮತ್ತು ಲಿಸಿನಿಯಸ್ ಎಂಬ ಇಬ್ಬರು ಚಕ್ರವರ್ತಿಗಳದು. ಅದು ಎಲ್ಲರಿಗೂ ತಮ್ಮ ತಮ್ಮ ದೇವರನ್ನು ಪೂಜಿಸುವ ಸ್ವಾತಂತ್ರ್ಯ ಕೊಟ್ಟಿತು, ಕ್ರೈಸ್ತರಿಂದ ಕಿತ್ತುಕೊಂಡ ಆಸ್ತಿ ಹಿಂದಿರುಗಿಸಲು ಹೇಳಿತು. ಅದಕ್ಕೂ ಮೊದಲು, 311ರಲ್ಲೇ ಚಕ್ರವರ್ತಿ ಗಲೇರಿಯಸ್ ಹಿಂಸೆ ನಿಲ್ಲಿಸಿದ್ದ. 325ರ ನೈಸಿಯಾ ಸಭೆ ಸಾರಿದ ನಂಬಿಕೆಯನ್ನು ಪ್ರಜೆಗಳೆಲ್ಲರೂ ಹಿಡಿಯಬೇಕೆಂದು ಚಕ್ರವರ್ತಿ ಥಿಯೊಡೋಶಿಯಸ್ ಆಜ್ಞೆ ಮಾಡಿದ್ದು 380ರಲ್ಲಿ.

"ನೈಸಿಯಾ ಸಭೆ ಬೈಬಲ್ಲಿನ ಪುಸ್ತಕಗಳನ್ನು ಆರಿಸಿತು." 325ರ ಆ ಸಭೆ, ಯೇಸು ತಂದೆಯಾದ ದೇವರಿಗೆ ಸಮನಲ್ಲ ಎಂದ ಅರಿಯಸ್‌ನ ಬೋಧನೆ, ಈಸ್ಟರ್ ದಿನ, ಚರ್ಚುಗಳ ಶಿಸ್ತು ಇವನ್ನು ಚರ್ಚಿಸಿತು. ಅದರ ನಿಯಮಗಳಲ್ಲಿ ಪುಸ್ತಕಗಳ ಪಟ್ಟಿಯೇ ಇಲ್ಲ. ಹೊಸ ಒಡಂಬಡಿಕೆಯಲ್ಲಿ ಈಗಿರುವ 27 ಪುಸ್ತಕಗಳನ್ನೇ ಹೆಸರಿಸುವ ಹಳೆಯ ಪಟ್ಟಿ ಅಲೆಕ್ಸಾಂಡ್ರಿಯದ ಬಿಷಪ್ ಅಥನೇಶಿಯಸ್ 367ರಲ್ಲಿ ಬರೆದ ಪತ್ರದ್ದು.

ಹಂತ 7: ಪುಸ್ತಕದಲ್ಲಿ ಇಲ್ಲದ್ದು

ಹಳೆಯ ಪುಸ್ತಕಗಳ ಕತೆ ಯೆರೂಸಲೇಮಿನಿಂದ ಹೊರಟು ರೋಮಿಗೆ ಬಂದು ನಿಲ್ಲುತ್ತದೆ. ಪೂರ್ವದ ಕಡೆ ತಿರುಗಿಯೂ ನೋಡುವುದಿಲ್ಲ. ಸಿರಿಯಕ್ ಭಾಷೆಯ ಎಡೆಸ್ಸಾ ನಗರ, ಪರ್ಷಿಯಾದ ಕ್ರೈಸ್ತ ಸಭೆಗಳು, ಸಿರಿಯಕ್ ಕವಿ ಎಫ್ರೇಮನ ಹಾಡುಗಳು, ಅರ್ಮೇನಿಯಾ, ಇಥಿಯೋಪಿಯಾದ ಅಕ್ಸುಂ ರಾಜ್ಯ, ಇವಕ್ಕೆ ಜಾಗ ಮಾಡಿ. ಅಕ್ಸುಮಿನ ದೊರೆ ಎಜಾನನ ನಾಣ್ಯಗಳಲ್ಲಿ 4ನೇ ಶತಮಾನದಲ್ಲಿ ಅರ್ಧಚಂದ್ರ ಮತ್ತು ದುಂಡುಬಿಂಬದ ಗುರುತು ಹೋಗಿ ಶಿಲುಬೆ ಬರುತ್ತದೆ. ಅರ್ಮೇನಿಯಾದ ದೊರೆ ಕ್ರೈಸ್ತನಾದದ್ದು 301ರಲ್ಲಿ ಎಂಬುದು ಅಲ್ಲಿನ ಸಂಪ್ರದಾಯ, ಇತಿಹಾಸಕಾರರಲ್ಲಿ ಹಲವರು 314ರ ಸುಮಾರು ಎನ್ನುತ್ತಾರೆ.

ಯೇಸುವಿನ ಶಿಷ್ಯ ತೋಮನ ಭಾರತ ಪ್ರಯಾಣದ ಬಗ್ಗೆ ಬರೆಯುವಾಗ ಹುಷಾರು. ಆ ಕತೆ ಹೇಳುವ "ತೋಮನ ಕೃತ್ಯಗಳು" 3ನೇ ಶತಮಾನದ ಸಿರಿಯಕ್ ಕೃತಿ. ಅದರಲ್ಲಿ ಬರುವ ಗೊಂಡೊಫೆರ್ನಿಸ್ ದೊರೆ ನಿಜವಾಗಿ ಇದ್ದ, ಅವನ ನಾಣ್ಯಗಳಿವೆ. ಇದರಿಂದ ದೊರೆ ಇದ್ದ ಎಂಬುದು ಸಿದ್ಧವಾಗುತ್ತದೆ. ತೋಮ ಅವನನ್ನು ಕಂಡ ಎಂಬುದು ಸಿದ್ಧವಾಗುವುದಿಲ್ಲ. ಭಕ್ತಿಯಿಂದ ಓದುವವರಿಗೂ ನೋವಾಗದಂತೆ, ಮುಚ್ಚಿಡದಂತೆ ಇದನ್ನು ಬರೆಯಬಹುದು.

ಯೆಹೂದ್ಯರ ಬಗ್ಗೆ ಹಳೆಯ ಪುಸ್ತಕದ ಧ್ವನಿಯನ್ನು ಬೇರೆಯಾಗಿಯೇ ಒಮ್ಮೆ ಓದಿ. ಯೇಸುವಿನ ಕಾಲದ ಯೆಹೂದ್ಯ ಧರ್ಮವನ್ನು ಒಣ ಕಟ್ಟಳೆಗಳ ರಾಶಿ ಎಂದು ಚಿತ್ರಿಸುವ ವಾಡಿಕೆ ಇತ್ತು. 1970ರ ದಶಕದಿಂದ ಆ ಚಿತ್ರ ನಿಂತಿಲ್ಲ, ಮತ್ತು ಎರಡು ಧರ್ಮಗಳು ಒಂದೇ ದಿನ ಬೇರೆಯಾದವು ಎಂದೂ ಈಗ ಯಾರೂ ಹೇಳುವುದಿಲ್ಲ. ಇಲ್ಲಿ ಪದ ತಿದ್ದಿದರೆ ಸಾಲದು, ಪ್ಯಾರಾಗಳೇ ಹೋಗಬೇಕಾಗಬಹುದು.

ಹಂತ 8: ಹೊಸದನ್ನು ಸೇರಿಸುವ ಮೊದಲು ಕಾಯಿರಿ

ಸುದ್ದಿಯಲ್ಲಿ ಬಂದದ್ದೆಲ್ಲ ಪುಸ್ತಕಕ್ಕೆ ಬರಬಾರದು. ಮೊದಲ ಶತಮಾನದ ಮಾರ್ಕನ ತುಣುಕು ಸಿಕ್ಕಿದೆ ಎಂದು 2012ರಲ್ಲಿ ದೊಡ್ಡ ಸುದ್ದಿಯಾಯಿತು. 2018ರಲ್ಲಿ ಅದು ಪ್ರಕಟವಾದಾಗ 2ನೇ ಶತಮಾನದ ಕೊನೆಯದು ಅಥವಾ 3ನೆಯದರ ಆರಂಭದ್ದು ಎಂದಾಯಿತು. ಅದೇ 2012ರಲ್ಲಿ ಬಂದ "ಯೇಸುವಿನ ಹೆಂಡತಿ" ತುಣುಕು ನಕಲಿ ಎಂಬುದು 2016ರ ಹೊತ್ತಿಗೆ ಬಯಲಾಯಿತು. ಅಮೆರಿಕದ ಒಂದು ವಸ್ತುಸಂಗ್ರಹಾಲಯದ 16 ಮೃತ ಸಮುದ್ರ ತುಣುಕುಗಳೂ ನಕಲಿ ಎಂದು 2020ರಲ್ಲಿ ಗೊತ್ತಾಯಿತು. ಸೇರಿಸುವ ಮೊದಲು ಮೂರು ಪ್ರಶ್ನೆ ಕೇಳಿ: ವಸ್ತು ಎಲ್ಲಿ, ಯಾರ ಕಣ್ಣೆದುರು ಸಿಕ್ಕಿತು? ವಿದ್ವತ್ ಪ್ರಕಟಣೆ ಬಂದಿದೆಯೇ? ಅದನ್ನು ಒಪ್ಪದವರು ಏನೆನ್ನುತ್ತಾರೆ? ಮೊದಲನೆಯದಕ್ಕೇ ಉತ್ತರ ಇಲ್ಲದಿದ್ದರೆ ಬಿಟ್ಟುಬಿಡಿ.

ಹಂತ 9: ಯಾರ ಮಾತು ಯಾವುದು?

ಲೇಖಕರು ತೀರಿಕೊಂಡಿದ್ದರೆ ನಿಮ್ಮ ಮಾತನ್ನು ಅವರ ಬಾಯಲ್ಲಿ ಇಡಬೇಡಿ. ಇಸವಿ, ಪದವಿಯಂಥ ಸಣ್ಣ ತಿದ್ದುಪಡಿ ಪಠ್ಯದಲ್ಲೇ ಆಗಲಿ. ಅಭಿಪ್ರಾಯ ಬದಲಾಗುವ ಕಡೆ ಚೌಕ ಕಂಸ ಹಾಕಿ, ಅಥವಾ ಸಂಪಾದಕರ ಟಿಪ್ಪಣಿ ಎಂದು ಗುರುತಿಸಿ. ಪ್ರಸ್ತಾವನೆಯಲ್ಲಿ ಈ ಪದ್ಧತಿಯನ್ನು ನಾಲ್ಕು ಸಾಲಿನಲ್ಲಿ ಹೇಳಿ.

ಹೆಸರುಗಳಿಗೆ ಒಂದೇ ರೂಪ ಇಟ್ಟುಕೊಳ್ಳಿ. ಒಂದು ಪುಟದಲ್ಲಿ ಯಾಕೋಬ, ಇನ್ನೊಂದರಲ್ಲಿ ಜೇಮ್ಸ್ ಎಂದಿದ್ದರೆ ಓದುಗರು ಇಬ್ಬರು ಎಂದುಕೊಳ್ಳುತ್ತಾರೆ.

ಪದಸೂಚಿಯನ್ನು ಕಟ್ಟಕಡೆಗೆ, ಪುಟವಿನ್ಯಾಸ ಮುಗಿದ ಮೇಲೆಯೇ ಮಾಡಿ. ಹಳೆಯದನ್ನು ಎತ್ತಿ ಹಾಕಿದರೆ ಪುಟಸಂಖ್ಯೆಗಳೆಲ್ಲ ತಪ್ಪಾಗುತ್ತವೆ. ಪುಸ್ತಕದ ಒಳಗೇ "ಮುಂದೆ 212ನೇ ಪುಟ ನೋಡಿ" ಎಂಬಂಥ ಸೂಚನೆಗಳಿದ್ದರೆ ಅವನ್ನೂ ಇದೇ ಹೊತ್ತಿಗೆ ಸರಿಮಾಡಿ. ಹಂತ 2ರ ಪಟ್ಟಿಯನ್ನು ಮಾತ್ರ ಎಸೆಯಬೇಡಿ. ಕರಡು ತಿದ್ದುವವರಿಗೆ ಅದರ ಒಂದು ಪ್ರತಿ ಕೊಡಿ, ಇಲ್ಲದಿದ್ದರೆ ನೀವು ಬೇಕೆಂದೇ ಬದಲಿಸಿದ ಇಸವಿಗಳನ್ನು ಅವರು ಹಳೆಯ ಪುಸ್ತಕ ನೋಡಿಕೊಂಡು ಮತ್ತೆ ಮೊದಲಿನಂತೆಯೇ ಮಾಡಿಬಿಡುತ್ತಾರೆ.